ಮೂಗು ಬರುವ ಮುನ್ನ

ಅರ್ಕೇಶಪ್ಪನವರ ಮೂಗನ್ನು ಕೋತಿ ಕಚ್ಚಿದ ಸುದ್ದಿ ಬಂದಾಗ ನಾನು ತೊಳೆಮನೆಯಲ್ಲಿ ಒಂದು ಬಸಳೆ ಎಲೆಯ ಹಸಿರು ಬಿಡಿಸುತ್ತ ಕೂತಿದ್ದೆ. ಸುದ್ದಿಯ ಹಿಂದೆಯೇ ಅವರೂ ಬಂದರು. ಸಂತೆಯಿಂದ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬರುತ್ತಿದ್ದರಂತೆ. ಕೋತಿ ಕೈ ಚಾಚಿತಂತೆ, ಇವರು ಕೊಡಲಿಲ್ಲವಂತೆ. ಕೋತಿ ಮೊದಲು ಮೂಗಿನ ಮುಂಭಾಗವನ್ನು ತೆಗೆದುಕೊಂಡು, ಆಮೇಲೆ ಬಾಳೆಹಣ್ಣನ್ನೂ ತೆಗೆದುಕೊಂಡು, ಛತ್ರದ ಮಾಳಿಗೆ ಹತ್ತಿ ಕೂತಿತಂತೆ. ಇಬ್ಬರು ಗಂಡಸರು ತೋಳು ಹಿಡಿದು ಅವರನ್ನು ನನ್ನ ಕಿಟಕಿಯ ಮುಂದೆಯೇ ಆಸ್ಪತ್ರೆಗೆ ನಡೆಸಿಕೊಂಡು ಹೋದರು. ಮುಖಕ್ಕೆಲ್ಲ ಟವೆಲ್ಲು ಸುತ್ತಿತ್ತು, ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಆ ಕಣ್ಣು ನನ್ನನ್ನು ನೋಡಿ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕೆಳಗಾದವು. ಕೋತಿ ಕಚ್ಚಿದ್ದಕ್ಕೂ ತಾವೇ ನಾಚಿಕೊಳ್ಳುವ ಮನುಷ್ಯ ಅವರು. ನನ್ನ ಕೈಯಲ್ಲಿದ್ದ ಎಲೆ ಪರ್‍ರನೆ ಹರಿದುಹೋಯಿತು. ನನ್ನ ಕೈಯಲ್ಲಿ ಎಲೆ ಹರಿಯುವುದೆಂದರೆ ಹತ್ತು ವರ್ಷಕ್ಕೊಮ್ಮೆ ಆದರೂ ಹೆಚ್ಚು.

ತೊಳೆಮನೆ ಎಂದರೆ ಆಸ್ಪತ್ರೆಯ ಮಗ್ಗುಲಲ್ಲಿ ಬೀದಿಗೆ ಕಿಟಕಿಯಿರುವ ಉದ್ದನೆಯ ಹೆಂಚಿನ ಕೋಣೆ. ನಮ್ಮೂರಲ್ಲಿ ಯಾರ ಮೈಯಲ್ಲಿ ಏನು ಮುಕ್ಕಾದರೂ ಅದಕ್ಕೆ ಬೇಕಾದ ಗಿಡ ಮೊದಲು ನನ್ನ ಕೈಗೆ ಬರುತ್ತದೆ. ಚರ್ಮಕ್ಕೂ ಎದೆಗುಂಡಿಗೆಯ ತೇಪೆಗೂ ಬಸಳೆ ಎಲೆ, ರಕ್ತನಾಳಕ್ಕೆ ಈರುಳ್ಳಿಯ ಟೊಳ್ಳು ದಂಟು, ಕಿವಿ, ಮಂಡಿ, ಸೊಂಟ ಇಂಥ ಗಟ್ಟಿ ಕೆಲಸಕ್ಕೆ ಹೀರೆಕಾಯಿ. ನಾನು ಅದನ್ನು ಗಾಜಿನ ಜಾಡಿಯಲ್ಲಿ ಸಾಬೂನು ನೀರಿಗೆ ಹಾಕಿ, ಬೆಳಿಗ್ಗೆ ಸಂಜೆ ನೀರು ಬದಲಿಸುತ್ತೇನೆ. ದಿನದಿನಕ್ಕೂ ಹಸಿರು ಬಿಡುತ್ತ ಹೋಗುತ್ತದೆ. ಎಂಟನೆಯ ದಿನ ಎತ್ತಿ ನೋಡಿದರೆ ಗಿಡ ಹೋಗಿ ಗಿಡದ ಅಚ್ಚು ಮಾತ್ರ ಉಳಿದಿರುತ್ತದೆ. ಬೆಳ್ಳಗೆ, ಜೇಡನ ಬಲೆಯಂತೆ. ಅದರ ಮೇಲೆ ಡಾಕ್ಟರ್ ಸೆಲೀನಮ್ಮ ರೋಗಿಯದೇ ಜೀವಕಣಗಳನ್ನು ಬಿತ್ತಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಇಪ್ಪತ್ತು ದಿನಕ್ಕೆ ಮಾಂಸ ಹಿಡಿಯುತ್ತದೆ. ಹೇಗೆ ಹಿಡಿಯುತ್ತದೆ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಹೆಪ್ಪು ಹಾಕಿದ ಹಾಲು ಮೊಸರಾಗುತ್ತದೆ, ಅದನ್ನೇನು ಯಾರಾದರೂ ಕೇಳುತ್ತಾರೆಯೇ.

ನಮ್ಮೂರವರು ಕೇಳುವುದು ಬೇರೆ. ಯಾವ ಗಿಡ ಎಂದು ಕೇಳುತ್ತಾರೆ. ಒಂದು ಗಿಡ ನಿಮ್ಮ ಮೈ ಸೇರಿತೆಂದರೆ ಆವತ್ತಿನಿಂದ ನೀವು ಆ ಬಳಗದವರು. ಬಸಳೆ ಬಳಗದವರು ಬಸಳೆ ತಿನ್ನುವಂತಿಲ್ಲ, ಹೀರೆ ಬಳಗದವರು ಹೀರೆಕಾಯಿ ತಿನ್ನುವಂತಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ದಿನವೂ ಒಂದು ಹಲಗೆ ತೂಗುತ್ತದೆ: ‘ಇಂದಿನ ಸಾಂಬಾರು ಹೀರೆಕಾಯಿ. ಹೀರೆಯವರು ಕ್ಷಮಿಸಬೇಕು, ಚಟ್ನಿ ಇದೆ.’ ತರಕಾರಿ ಮಾರುವ ಹೆಂಗಸು ತಕ್ಕಡಿ ಎತ್ತುವ ಮೊದಲು ನಿಮ್ಮ ಬಳಗ ಕೇಳಿಯೇ ತೂಗುತ್ತಾಳೆ. ಯಾವ ಗಿಡವೂ ಮೈ ಸೇರದವರನ್ನು ಬರಿಮೈಯವರು ಎನ್ನುತ್ತೇವೆ. ಅವರು ಏನು ಬೇಕಾದರೂ ತಿನ್ನಬಹುದು, ಆದರೆ ಊರಿನ ಮಾತುಕತೆಯಲ್ಲಿ ಅವರಿಗೆ ತೂಕವಿಲ್ಲ. ಪ್ರತಿ ಯುಗಾದಿಗೆ ತಲೆ ಎಣಿಸಿ, ಯಾವ ಬಳಗ ದೊಡ್ಡದೋ ಅವರ ಹೊಲಕ್ಕೆ ಕೆರೆಯ ತೂಬಿನ ಮೊದಲ ನೀರು ಬಿಡುತ್ತಾರೆ. ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತದೆ. ತೊಡಕಾಗುವುದು ಒಂದೇ ಕಡೆ. ಒಂದೇ ಬಳಗದವರು ಒಡಹುಟ್ಟಿದವರ ಲೆಕ್ಕ. ಅವರ ನಡುವೆ ಮದುವೆ ಇಲ್ಲ.

ನನ್ನ ಎಡಗಿವಿ ಹೀರೆಯದು. ಹದಿನಾರನೆಯ ವಯಸ್ಸಿನಲ್ಲಿ ಹಸುವಿನ ಕೊಂಬು ತಗುಲಿ ಕಿವಿ ಹೋಯಿತು, ಹೊಸದು ಬಂತು. ಕಿವಿ ಚೆನ್ನಾಗಿಯೇ ಇದೆ, ಓಲೆ ತೂಗಿದರೆ ಬಲಗಿವಿಗಿಂತ ಇದೇ ಲಕ್ಷಣ. ಆದರೆ ಆ ಕಿವಿ ನನಗೆ ಹತ್ತಾರು ಅಣ್ಣತಮ್ಮಂದಿರನ್ನು ಒಂದೇ ದಿನದಲ್ಲಿ ತಂದುಕೊಟ್ಟಿತು. ಮೊದಲ ಸಲ ನನ್ನನ್ನು ನೋಡಲು ಬಂದ ಗಂಡಿನ ಮೊಣಕೈ ಹೀರೆಯದು ಎಂದು ತಿಂಡಿ ಕೊಡುವ ಹೊತ್ತಿಗೆ ತಿಳಿಯಿತು. ಉಪ್ಪಿಟ್ಟು ತಿಂದು, ಚೆನ್ನಾಗಿರು ತಂಗಿ ಎಂದು ಹರಸಿ ಹೋದ. ಎರಡನೆಯವನು ಬರಿಮೈಯವನೇ. ಎಲ್ಲ ಒಪ್ಪಿಗೆಯಾಯಿತು. ನಮ್ಮ ಮನೆಯ ಮೆಟ್ಟಿಲು ಇಳಿಯುವಾಗ ಕಾಲು ಜಾರಿ ಹರಡು ಪುಡಿಯಾಯಿತು, ನಿಶ್ಚಿತಾರ್ಥದ ಹೊತ್ತಿಗೆ ಅವನೂ ಹೀರೆಯವನಾದ. ಈಗಲೂ ಗೌರಿ ಹಬ್ಬಕ್ಕೆ ತಪ್ಪದೆ ನನಗೆ ಬಾಗಿನ ಕಳಿಸುತ್ತಾನೆ. ಅಷ್ಟಾದ ಮೇಲೆ ನಮ್ಮವ್ವ ಗಂಡು ಹುಡುಕುವುದನ್ನು ಬಿಟ್ಟಳು, ನಾನು ತೊಳೆಮನೆಯ ಕೆಲಸಕ್ಕೆ ಸೇರಿದೆ. ಇದಕ್ಕೀಗ ಇಪ್ಪತ್ತೊಂದು ವರ್ಷ. ನನ್ನ ಹೆಸರು ಸಣ್ಣಮ್ಮಣ್ಣಿ. ವಯಸ್ಸು ನಲವತ್ತಾರಾದರೂ ಊರಿಗೆಲ್ಲ ನಾನಿನ್ನೂ ಅಮ್ಮಣ್ಣಿಯೇ.

ಅರ್ಕೇಶಪ್ಪನವರು ಮೂರು ವರ್ಷದ ಕೆಳಗೆ ಎಲ್ಲಿಂದಲೋ ಬಂದು ಆಸ್ಪತ್ರೆಯ ಎದುರಿಗೆ ಊದುಬತ್ತಿ ಅಂಗಡಿ ಇಟ್ಟವರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಹೆಂಡತಿ ಮಕ್ಕಳಿಲ್ಲ. ಅವರ ಬದುಕೆಲ್ಲ ಮೂಗಿನ ಮೇಲೆ ನಿಂತಿತ್ತು. ಹದ ಮಾಡಿದ ಹಿಟ್ಟನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಇದಕ್ಕೆ ಇನ್ನೊಂದು ಚಿಟಿಕೆ ಕಚೋರ ಬೇಕು ಎನ್ನುತ್ತಿದ್ದರು. ಹಾಕಿದರೆ ನಿಜವಾಗಿಯೂ ಅದು ಬೇರೆಯೇ ಆಗುತ್ತಿತ್ತು. ತೊಳೆಮನೆಯ ಸಾಬೂನಿನ ವಾಸನೆಗೆ ನನಗೆ ತಲೆನೋವು ಬರುತ್ತದೆಂದು ಹೇಗೋ ತಿಳಿದುಕೊಂಡು, ದಿನಾ ಸಂಜೆ ಕಿಟಕಿಯ ಕಟ್ಟೆಯ ಮೇಲೆ ಎರಡು ಕಡ್ಡಿ ಇಟ್ಟುಹೋಗುತ್ತಿದ್ದರು. ಮಾತು ಕಡಿಮೆ. ಕಡ್ಡಿ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು. ನಿಂತವರು ಏನೋ ಹೇಳಲು ಬಾಯಿ ತೆರೆದು, ಇವತ್ತು ಬಿಸಿಲು ಜಾಸ್ತಿ ಎಂದು ಹೇಳಿ ಹೋಗುತ್ತಿದ್ದರು. ಮಳೆ ಹುಯ್ಯುತ್ತಿರುವಾಗಲೂ ಒಂದು ಸಲ ಹಾಗೆಯೇ ಹೇಳಿದ್ದರು. ಹೆಣ್ಣಿಗೆ ಇಷ್ಟು ಸಾಕು, ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾಳೆ. ನಾನೂ ತುಂಬಿಕೊಂಡಿದ್ದೆ.

ಕೋತಿ ಕಚ್ಚಿದ ಮಾರನೆಯ ದಿನ ಗಂಜಿ ತೆಗೆದುಕೊಂಡು ಅವರನ್ನು ನೋಡಲು ಹೋದೆ. ಮುಖದ ನಡುವೆ ದೊಡ್ಡ ಬ್ಯಾಂಡೇಜು. ನನ್ನನ್ನು ಕಂಡವರೇ ಗೋಡೆಯ ಕಡೆ ತಿರುಗಿಕೊಂಡರು. ಗೋಡೆಗೇ ಹೇಳುವಂತೆ, ಮೂಗಿಲ್ಲದ ದನಿಯಲ್ಲಿ ಹೇಳಿದರು:

“ಅಮ್ಮಣ್ಣಿಯವ್ರೆ, ನಿಮ್ಮನ್ನ ಒಂದು ಮಾತು ಕೇಳೋದಿತ್ತು. ವರ್ಷದಿಂದ ಕೇಳ್ಬೇಕು ಅಂತಿದ್ದೆ. ಮೂಗು ಬರ್ಲಿ, ಆಮೇಲೆ ಕೇಳ್ತೀನಿ. ಈ ಮುಖ ಇಟ್ಕೊಂಡು ಕೇಳೋ ಮಾತಲ್ಲ ಅದು.”

ಗಂಜಿ ಲೋಟವನ್ನು ಮಂಚದ ಪಕ್ಕ ಇಟ್ಟೆ. ಆಗಲಿ, ನಿಧಾನಕ್ಕೆ ಕೇಳಿ ಎಂದು ಹೇಳಿ ಹೊರಗೆ ಬಂದೆ. ವರಾಂಡದಲ್ಲಿ ಸೆಲೀನಮ್ಮ ಎದುರಾದರು. ಮೂಗಿಗೆ ಯಾವ ಗಿಡ ಎಂದು ಕೇಳಿದೆ, ಕೇಳುವ ಮೊದಲೇ ಉತ್ತರ ಗೊತ್ತಿದ್ದರೂ. ಇನ್ಯಾವುದು, ಹೀರೆ ಎಂದರು.

ನಾನು ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟೆ. ಮೂಗು ಬಂದ ಮೇಲೆ ಮದುವೆಯ ಮಾತು ಕೇಳುತ್ತಾರೆ. ಮೂಗು ಬಂದ ಗಳಿಗೆಗೇ ನನಗೆ ಅಣ್ಣನಾಗುತ್ತಾರೆ. ಹೊರಗಿನಿಂದ ಬಂದವರು, ಬರಿಮೈಯವರು, ನಮ್ಮ ಬಳಗದ ಕಟ್ಟಳೆಯನ್ನು ಅವರೆಂದೂ ಗಟ್ಟಿಯಾಗಿ ತಲೆಗೆ ಹಾಕಿಕೊಂಡವರಲ್ಲ. ಬೇರೆ ಯಾವುದಾದರೂ ಗಿಡ ಆಗದೇ ಎಂದು ಸೆಲೀನಮ್ಮನನ್ನು ಅಂದು ಮೂರು ಸಲ ಕೇಳಿದೆ. ಸೀಬೆಯಲ್ಲಿ ಮಾಡಿದ ಮೂಗು ಮಳೆಗಾಲದಲ್ಲಿ ಮೆತ್ತಗಾಗುತ್ತದಂತೆ. ತಾವರೆ ದಂಟಿನಲ್ಲಿ ಹೊಳ್ಳೆಗಳು ಎರಡರ ಬದಲು ಹತ್ತು ಆಗುತ್ತವಂತೆ. ಸೋರೆಕಾಯಿ ಎಂದೆ. ಅಮ್ಮಣ್ಣಿ, ಅದು ಮೂಗೋ ಸೊಂಡಿಲೋ ಎಂದು ಕೇಳಿದರು.

ಆ ಸಂಜೆಯೇ ಕರಿಸಿದ್ದಯ್ಯ ಬಂದರು. ಅವರು ಹೀರೆ ಬಳಗದ ಯಜಮಾನರು, ಎಡಮಂಡಿ ಹೀರೆಯದು, ಬಳಗದ ಯಾವ ಮಾತಿಗೂ ಆ ಮಂಡಿಯನ್ನು ಸವರಿಕೊಂಡೇ ಬಾಯಿ ತೆರೆಯುವವರು. ಆ ವರ್ಷ ಹೀರೆಯವರು ನೂರ ಹನ್ನೆರಡು, ಬಸಳೆಯವರೂ ನೂರ ಹನ್ನೆರಡು. ಒಂದು ಮೂಗು ಸೇರಿದರೆ ತೂಬಿನ ಮೊದಲ ನೀರು ನಮ್ಮದು. ತಮ್ಮ ಚಪ್ಪರದಿಂದ ತಾವೇ ಆರಿಸಿ ಮೂರು ಎಳೆ ಹೀರೆಕಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮದುಮಗನಿಗೆ ಪೇಟ ಆರಿಸುವವರೂ ಅಷ್ಟು ಜೋಪಾನ ಮಾಡುವುದಿಲ್ಲ. ಹೊಸ ಅಣ್ಣ ಬರುತ್ತಿದ್ದಾನೆ, ಚೆನ್ನಾಗಿ ತೊಳಿ ತಾಯಿ ಎಂದು ನನ್ನ ಕೈಗಿಟ್ಟು ಹೋದರು.

ಮೊದಲನೆಯ ಹೀರೆಕಾಯಿಯನ್ನು ನಾನು ಕುದಿಯುವ ನೀರಿಗೆ ಹಾಕಿದೆ. ಬೇಕೆಂದೇ ಹಾಕಿದೆನೋ ಮರೆತು ಹಾಕಿದೆನೋ ಎಂದು ಅಂದು ನನಗೆ ನಾನೇ ವಾದ ಹೂಡಿದ್ದೆ. ಈಗ ಮುಚ್ಚುಮರೆ ಏಕೆ, ಬೇಕೆಂದೇ ಹಾಕಿದ್ದು. ಏಳು ದಿನ ಚೆನ್ನಾಗಿ ತೊಳೆದು, ಎಂಟನೆಯ ದಿನ ಕುದಿಸಿದೆ. ಅಚ್ಚು ಕುಸಿದು ಒದ್ದೆ ಚಿಂದಿಯಂತಾಯಿತು. ಸೆಲೀನಮ್ಮ ಅದನ್ನು ಚಿಮುಟದಲ್ಲಿ ಎತ್ತಿ ನೋಡಿ ಕಸದ ಬುಟ್ಟಿಗೆ ಹಾಕಿದರು. ಎರಡನೆಯದು ನಾಲ್ಕನೆಯ ದಿನ ಜಾಡಿಯಿಂದ ಮಾಯವಾಯಿತು. ಬೆಕ್ಕು ಎಂದೆ. ಹೀರೆಕಾಯಿ ತಿನ್ನುವ ಬೆಕ್ಕನ್ನು ಸೆಲೀನಮ್ಮನಾಗಲಿ ನಾನಾಗಲಿ ಕಂಡಿರಲಿಲ್ಲ. ಅಷ್ಟು ದಿನ ನಾನು ಏನು ಕಾಯುತ್ತಿದ್ದೆ ಎಂದರೆ, ಮೂಗು ತಡವಾದರೆ ಅರ್ಕೇಶಪ್ಪನವರು ತಡೆಯಲಾರದೆ ಮೊದಲೇ ಕೇಳಿಬಿಡಬಹುದು ಎಂದು. ಅವರು ಕೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಹೋದವರು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೇ ಕೂತರು. ಸಂಜೆ ಕಿಟಕಿಗೆ ಊದುಬತ್ತಿ ಬರುವುದೂ ನಿಂತಿತು.

ಮೂರನೆಯ ಹೀರೆಕಾಯಿಯನ್ನು ಜಾಡಿಗೆ ಹಾಕಿದ ದಿನ ಸೆಲೀನಮ್ಮ ತೊಳೆಮನೆಗೆ ಬಂದು ನನ್ನ ಮುಂದೆ ಮಣೆ ಹಾಕಿಕೊಂಡು ಕೂತರು. ಇಪ್ಪತ್ತೊಂದು ವರ್ಷದಲ್ಲಿ ಅವರು ಅಲ್ಲಿ ಕೂತದ್ದು ಅದೇ ಮೊದಲು.

“ಅಮ್ಮಣ್ಣಿ, ಗಾಯ ಮುಚ್ಕೋತಾ ಇದೆ. ಇದೊಂದು ಹಾಳಾದ್ರೆ ಆತನಿಗೆ ಇನ್ಯಾವತ್ತೂ ಮೂಗು ಕೂರಲ್ಲ. ಬೆಕ್ಕಿಗೆ ಹೇಳ್ಬಿಡು.”

ನಾನು ಜಾಡಿಯನ್ನೇ ನೋಡುತ್ತ ಕೂತೆ. ಕಣ್ಣಲ್ಲಿ ನೀರು ಬಂತು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಏಳುವಾಗ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, ಕರಿಸಿದ್ದಯ್ಯನ ಹೆಂಡತಿ ದೇವೀರಮ್ಮನ ಸೊಂಟವೂ ಹೀರೆಯದೇ ಅಲ್ಲವೇ, ಗಂಡಹೆಂಡಿರಿಬ್ಬರೂ ಒಂದೇ ಬಳಗವಾಗಿ ಹೇಗೆ ಸಂಸಾರ ಮಾಡುತ್ತಿದ್ದಾರೆ ಎಂದು ಸುಮ್ಮನೆ ಕೇಳುವವರ ಹಾಗೆ ಕೇಳಿ ಹೋದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಮದುವೆಯಾದ ಮೇಲೆ ದೇವೀರಮ್ಮನಿಗೆ ಹೀರೆಯ ಸೊಂಟ ಬಂತು, ಆಗ ಯಜಮಾನರೇ ತೀರ್ಪು ಕೊಟ್ಟಿದ್ದರು: ಮದುವೆ ಮೊದಲಾಗಿ ಬಳಗ ಆಮೇಲೆ ಬಂದರೆ ಮದುವೆಗೆ ಚ್ಯುತಿಯಿಲ್ಲ. ಇಷ್ಟು ದಿನ ನನ್ನ ಮಂಡೆಗೆ ಇದೇಕೆ ಹೊಳೆಯಲಿಲ್ಲವೋ. ಕೆಡಿಸುವ ಯೋಚನೆಯಲ್ಲಿ ಮುಳುಗಿದವಳಿಗೆ ಕಟ್ಟುವ ದಾರಿ ಕಾಣುವುದಿಲ್ಲ ಎಂದು ಕಾಣುತ್ತದೆ.

ಆ ಮೂರನೆಯ ಹೀರೆಕಾಯಿಯನ್ನು ನಾನು ತೊಳೆದ ಹಾಗೆ ಅದಕ್ಕೆ ಮೊದಲು ಯಾವುದನ್ನೂ ತೊಳೆದಿರಲಿಲ್ಲ. ನೀರು ಎರಡು ಹೊತ್ತಿನ ಬದಲು ನಾಲ್ಕು ಹೊತ್ತು ಬದಲಿಸಿದೆ. ಎಂಟನೆಯ ದಿನ ಅದನ್ನು ಬಿಸಿಲಿಗೆ ಹಿಡಿದಾಗ ಎಳೆಎಳೆಯೂ ಕಾಣುತ್ತಿತ್ತು, ಒಂದು ಎಳೆಯೂ ತುಂಡಾಗಿರಲಿಲ್ಲ. ಸೆಲೀನಮ್ಮನ ಕೈಗೆ ಕೊಟ್ಟೆ. ನಾಳೆ ಬೆಳಿಗ್ಗೆ ಬಿತ್ತುತ್ತೇನೆ ಎಂದರು. ಕೈ ಒರೆಸಿಕೊಂಡು, ಮಧ್ಯಾಹ್ನದ ಹೊತ್ತಿನಲ್ಲೇ, ನೆಟ್ಟಗೆ ಎದುರಿನ ಅಂಗಡಿಗೆ ಹೋದೆ.

ಅರ್ಕೇಶಪ್ಪನವರು ಹಲಗೆಯ ಮೇಲೆ ಹಿಟ್ಟು ಹೊಸೆಯುತ್ತಿದ್ದರು. ಕನ್ನಡಿಗೆ ಟವೆಲ್ಲು ಮುಚ್ಚಿತ್ತು. ನನ್ನನ್ನು ಕಂಡು ಅಭ್ಯಾಸದಂತೆ ಗೋಡೆಗೆ ತಿರುಗಿದರು. ನಾನು ಬಾಗಿಲಲ್ಲೇ ನಿಂತು, ಮೂಗು ಬಂದ ಮೇಲೆ ಕೇಳುತ್ತೇನೆಂದ ಮಾತನ್ನು ಈಗಲೇ ಕೇಳಿಬಿಡಿ, ಮೂಗು ಬಂದ ಮೇಲೆ ಅದನ್ನು ಕೇಳುವ ಹಾಗಿರುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹೊಸೆದ ಕಡ್ಡಿಯನ್ನು ಇನ್ನೊಮ್ಮೆ ಹೊಸೆದರು. ನೀವು ಬೇಜಾರು ಮಾಡಿಕೊಳ್ಳಬಾರದು ಎಂದರು. ಮಾಡಿಕೊಳ್ಳುವುದಿಲ್ಲ ಎಂದೆ.

“ನೀವು ಎಲೆ ತೊಳೆದ ಹಸಿರು ನೀರನ್ನ ದಿನಾ ಚರಂಡಿಗೆ ಚೆಲ್ತೀರಲ್ಲ,” ಎಂದರು, “ಅದನ್ನ ನಂಗೆ ಕೊಡ್ತೀರಾ. ಕಡ್ಡಿ ಬುಡಕ್ಕೆ ಬಣ್ಣ ಹಾಕ್ಬೇಕಿತ್ತು.”

ಎರಡು ಹೀರೆಕಾಯಿ, ಇಪ್ಪತ್ತು ದಿನ, ಒಂದು ಸುಳ್ಳು ಬೆಕ್ಕು. ಎಲ್ಲವೂ ಚರಂಡಿ ನೀರಿಗಾಗಿ. ನನಗೆ ನಗಬೇಕೋ ಆ ಹಲಗೆಯನ್ನು ಎತ್ತಿ ಬಿಸಾಡಬೇಕೋ ತಿಳಿಯಲಿಲ್ಲ. ಹಿಂದಿರುಗಿ ಹೊರಟೇಬಿಟ್ಟಿದ್ದೆ, ಹೊಸ್ತಿಲು ದಾಟಿದ್ದೆ. ಅಲ್ಲಿ ನಿಂತೆ. ಹೇಗೂ ಮಾನ ಹೋಗಿದೆ, ಪೂರ್ತಿ ಹೋಗಲಿ ಎನ್ನಿಸಿತು.

“ನೀರು ಕೊಡ್ತೀನಿ. ಈಗ ನಾನೊಂದು ಕೇಳ್ತೀನಿ. ನನ್ನ ಮದುವೆ ಆಗ್ತೀರಾ.”

ಅವರು ಗೋಡೆಯಿಂದ ಈಚೆಗೆ ತಿರುಗಿದರು. ಅಷ್ಟು ದಿನದ ಮೇಲೆ ಅವರ ಮುಖವನ್ನು ನೇರವಾಗಿ ನೋಡಿದೆ. ಬ್ಯಾಂಡೇಜಿನ ಮೇಲೆ ಅದೇ ಎರಡು ಕಣ್ಣು. ಅವರು ಬಾಯಿ ತೆರೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹೀರೆ ಮೂಗು ಬಂದರೆ ನಮ್ಮಿಬ್ಬರ ಸಂಬಂಧ ಏನಾಗುತ್ತದೆ ಎಂಬುದನ್ನು ಹೇಳಿದೆ. ಮೊದಲನೆಯದನ್ನು ಕುದಿಸಿದವಳು ನಾನು, ಎರಡನೆಯದರ ಬೆಕ್ಕೂ ನಾನೇ ಎಂದು ಹೇಳಿದೆ. ಮದುವೆ ಕೇಳುವ ಬಾಯಲ್ಲಿ ಇದನ್ನು ಬಚ್ಚಿಟ್ಟುಕೊಂಡರೆ ಸರಿಯಲ್ಲ ಎನ್ನಿಸಿತು. ಅವರು ಕೈಯಲ್ಲಿದ್ದ ಕಡ್ಡಿಯನ್ನು ಹಲಗೆಯ ಮೇಲಿಟ್ಟರು. ಆಮೇಲೆ ಮೆಲ್ಲಗೆ, ಇಪ್ಪತ್ತು ದಿನ ಕನ್ನಡಿ ಮುಚ್ಚಿಕೊಂಡು ಕೂತಿದ್ದೆ ಅಮ್ಮಣ್ಣಿಯವರೆ ಎಂದರು. ಒಂದು ಮಾತು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಈಗ ನೀವು ಹೋಗಿ ಎಂದರು.

ನಾನು ಬಂದೆ. ಮಾರನೆಯ ದಿನ ಸೆಲೀನಮ್ಮ ಬಿತ್ತನೆ ಮಾಡಿ ಅಚ್ಚನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಮದುವೆ ಹೋಗಲಿ, ಅದು ನನಗೆ ಹೋಗಿ ಹೋಗಿ ಅಭ್ಯಾಸ. ಅವರು ಕನ್ನಡಿಗೆ ಮುಚ್ಚಿದ್ದ ಟವೆಲ್ಲು ಕಣ್ಣಿನಿಂದ ಹೋಗಲೊಲ್ಲದು.

ಅದರ ಮಾರನೆಯ ದಿನ ಸಂತೆ. ಹತ್ತು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಗದ್ದಲ ಕೇಳಿ ಕಿಟಕಿಗೆ ಬಂದೆ. ಅರ್ಕೇಶಪ್ಪನವರು ತಲೆಯ ಮೇಲೆ ಟವೆಲ್ಲಿಲ್ಲದೆ, ಮುಖದ ಬ್ಯಾಂಡೇಜನ್ನು ಬಿಸಿಲಿಗೆ ಬಿಟ್ಟುಕೊಂಡು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಡ ಹಿಡಿದು ಬರುತ್ತಿದ್ದರು. ಎದುರಿನ ಅಂಗಡಿಯಿಂದ ತೊಳೆಮನೆಗೆ ಹತ್ತು ಹೆಜ್ಜೆ. ಅವರು ಆ ಹತ್ತು ಹೆಜ್ಜೆಯಲ್ಲಿ ಬರದೆ, ಸಂತೆಯನ್ನೆಲ್ಲ ಸುತ್ತಿಕೊಂಡು, ಎಲ್ಲರೂ ನೋಡುವಂತೆ ಬಂದಿದ್ದರು. ಹಿಂದೆ ಒಂದು ಮೆರವಣಿಗೆಯಷ್ಟು ಜನ. ಕಿಟಕಿಯ ಕೆಳಗೆ ಕೊಡ ಇಟ್ಟು, ಹಸಿರು ನೀರು ಎಂದರು. ನಾನು ಜಾಡಿ ಬಗ್ಗಿಸಿ ಕೊಡ ತುಂಬಿದೆ, ಅರ್ಧ ನೀರು ಅವರ ಕಾಲ ಮೇಲೆ ಬಿತ್ತು. ನೀರಿನ ನೆಪದಲ್ಲಿ ದಿನಾ ಒಳಗೆ ಬರಬಹುದು, ಬಂದು ಬಂದು ಒಂದು ವರ್ಷವಾದ ಮೇಲೆ ಇನ್ನೊಂದು ಮಾತು ಕೇಳಬಹುದು ಎಂದು ಲೆಕ್ಕ ಹಾಕಿದ್ದರಂತೆ.

“ನೀವು ನೆಟ್ಟಗೆ ಅಲ್ಲಿಗೇ ಬಂದ್ಬಿಟ್ರಿ. ನಂಗೆ ಒಂದು ವರ್ಷ ಉಳೀತು,” ಎಂದರು. ಆಮೇಲೆ ಸ್ವಲ್ಪ ತಡೆದು, ಬೆಕ್ಕನ್ನು ಸಾಕುವುದು ಕಷ್ಟವೋ ಸುಲಭವೋ ನೋಡೋಣ ಎಂದರು.

ಸುದ್ದಿ ಕರಿಸಿದ್ದಯ್ಯನಿಗೆ ಮುಟ್ಟಲು ಕೊಡ ತುಂಬುವಷ್ಟು ಹೊತ್ತೂ ಬೇಕಾಗಲಿಲ್ಲ. ನಮ್ಮೂರಲ್ಲಿ ಪ್ರತಿಯೊಬ್ಬರ ಮೂಗೂ ಪ್ರತಿಯೊಬ್ಬರ ವಿಚಾರದಲ್ಲಿ ಇರುತ್ತದೆ. ಇಲ್ಲಂತೂ ವಿಚಾರವೇ ಮೂಗಿನದು. ಸಂತೆ ಮುಗಿಯುವ ಮೊದಲೇ ಆಸ್ಪತ್ರೆಯ ಅಂಗಳದಲ್ಲಿ ಎರಡೂ ಬಳಗದವರು ಸೇರಿದರು. ಕರಿಸಿದ್ದಯ್ಯ ಮಂಡಿ ಸವರಿಕೊಂಡು, ನಿನ್ನೆಯೇ ಬಿತ್ತನೆಯಾಗಿದೆ, ಅರ್ಕೇಶಪ್ಪನ ಜೀವಕಣ ಹೀರೆಯ ಮೇಲೆ ಬಿದ್ದಾಗಿದೆ, ಆದ್ದರಿಂದ ಅವನು ನಿನ್ನೆಯಿಂದಲೇ ನಮ್ಮವನು, ಅಮ್ಮಣ್ಣಿಗೆ ಅಣ್ಣ; ಈ ಮದುವೆ ಆಗಕೂಡದು ಎಂದರು. ಬಸಳೆಯವರು ತಕ್ಷಣ ಮದುವೆಯ ಪರ ನಿಂತರು. ನನ್ನ ಮೇಲಿನ ಪ್ರೀತಿಯಿಂದಲ್ಲ, ಬಿತ್ತನೆಯಿಂದಲೇ ಬಳಗ ಎಂದಾದರೆ ಹೀರೆಯ ನೂರ ಹದಿಮೂರನೆಯ ತಲೆ ಇವತ್ತೇ ಎಣಿಕೆಗೆ ಸೇರುತ್ತದಲ್ಲ, ಅದಕ್ಕೆ. ಯುಗಾದಿಗೆ ಆರೇ ದಿನ ಉಳಿದಿತ್ತು. ಸೆಲೀನಮ್ಮನನ್ನು ಕೇಳಿದರು. ಅವರು, ಮಾಂಸ ಹಿಡಿಯಲು ಇನ್ನೂ ಹತ್ತೊಂಬತ್ತು ದಿನ ಬೇಕು, ನೆಂಟಸ್ತಿಕೆ ಹಿಡಿಯಲು ಎಷ್ಟು ದಿನ ಬೇಕೆಂದು ತಾವು ಓದಿಲ್ಲ ಎಂದರು. ಅರ್ಕೇಶಪ್ಪನವರನ್ನು ಕೇಳಿದರು.

“ನನ್ನ ಮೂಗು ಪೆಟ್ಟಿಗೆಯಲ್ಲಿದೆ, ನಾನು ಇಲ್ಲಿದ್ದೀನಿ,” ಎಂದರು ಅವರು. “ಬೇಕಾದ್ರೆ ಮೂಗು ತಂಗಿ ಅನ್ಲಿ. ನಾನು ಅನ್ನಲ್ಲ.”

ಅಂಗಳದಲ್ಲಿ ನಗು ಎದ್ದಿತು, ಆದರೆ ಕರಿಸಿದ್ದಯ್ಯ ನಗಲಿಲ್ಲ. ಅವರಿಗೆ ನೀರು ಬೇಕಿತ್ತು. ಹೊಲ ಒಣಗಿದ್ದ ಮನೆಗಳು ಅವರ ಬೆನ್ನ ಹಿಂದೆ ನಿಂತಿದ್ದವು. ತೀರ್ಪು ತೀರ್ಪೇ, ನಾನು ನನ್ನ ಮಗಳಿಗೂ ಇದನ್ನೇ ಹೇಳುತ್ತಿದ್ದೆ ಎಂದರು. ಜನ ಒಬ್ಬೊಬ್ಬರಾಗಿ ತಲೆಯಾಡಿಸತೊಡಗಿದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದೆ. ಮೂರನೆಯ ಸಲವೂ ಹೀಗೇ ಆಗುತ್ತದೆ, ಗೌರಿ ಹಬ್ಬಕ್ಕೆ ಇನ್ನೊಂದು ಬಾಗಿನ ಬರುತ್ತದೆ ಎನ್ನಿಸಿತು.

ಆಗ ಹೆಂಗಸರ ನಡುವಿನಿಂದ ದೇವೀರಮ್ಮ ಎದ್ದರು. ಎಪ್ಪತ್ತು ಹತ್ತಿರ ಬಂದ ಹೆಂಗಸು, ಗಂಡನ ಸಭೆಯಲ್ಲಿ ಎಂದೂ ಬಾಯಿ ತೆರೆದವರಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ ಮುಂದೆ ಬಂದರು.

“ಯಜಮಾನ್ರೆ, ನಮ್ಮ ಮದುವೇಲಿ ನಾನು ಕುರ್ಚಿ ಮೇಲೆ ಕೂತಿದ್ದೆ. ಹರಕೆ ಅಂತ ಊರಿಗೆಲ್ಲ ಹೇಳಿದ್ರಿ. ಹರಕೆ ಅಲ್ಲ. ಲಗ್ನಕ್ಕೆ ಇನ್ನು ಹದಿನೈದು ದಿನ ಇರೋವಾಗ ಬಾವಿಕಟ್ಟೆ ಮೇಲಿಂದ ಬಿದ್ದಿದ್ದೆ. ನೀವು ತಾಳಿ ಕಟ್ಟಿದಾಗ ನನ್ನ ಹೀರೆ ಬಿತ್ತಿ ಆರು ದಿನ ಆಗಿತ್ತು, ಇದೇ ಆಸ್ಪತ್ರೆ ಪೆಟ್ಟಿಗೇಲಿತ್ತು. ಬಿತ್ತಿದ್ ದಿನಾನೇ ನೆಂಟಸ್ತಿಕೆ ಅಂದ್ರೆ, ಈ ನಲವತ್ತೈದು ವರ್ಷ ನಾನು ಯಾರ್ ಜೊತೆ ಸಂಸಾರ ಮಾಡ್ದೆ, ಅದನ್ನೊಂದು ಹೇಳ್ಬಿಡಿ.”

ಕರಿಸಿದ್ದಯ್ಯನ ಕೈ ಮಂಡಿಯ ಮೇಲೆ ಹಾಗೆಯೇ ನಿಂತಿತು. ಅವರ ನಾಲ್ಕು ಜನ ಮಕ್ಕಳು, ಒಂಬತ್ತು ಮೊಮ್ಮಕ್ಕಳು ಅದೇ ಅಂಗಳದಲ್ಲಿದ್ದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಹೆಂಡತಿಯನ್ನು ನೋಡಿದರು, ನೆಲ ನೋಡಿದರು, ಕೆರೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಪೆಟ್ಟಿಗೇಲಿರೋವರ್ಗೂ ಅದು ತರಕಾರಿ,” ಎಂದರು. “ಮೈಗೆ ಹತ್ತಿದ ಮೇಲೆ ಸಂಬಂಧ. ಮದುವೆ ಮಾಡ್ಕೊಳ್ಳಿ.”

ಬಸಳೆಯವರು ಚಪ್ಪಾಳೆ ತಟ್ಟಿದರು. ಆ ವರ್ಷ ತಲೆಗಳು ಸಮವಾಗಿದ್ದರಿಂದ ಚೀಟಿ ಎತ್ತಿದರು, ಚೀಟಿ ಬಸಳೆಯವರದ್ದೇ ಬಂತು. ಕರಿಸಿದ್ದಯ್ಯ ಎರಡು ವಾರ ಮನೆಯಿಂದ ಹೊರಗೆ ಬರಲಿಲ್ಲ. ನೀರಿಗೋ ಹೆಂಡತಿಗೋ ಎಂದು ಯಾರಿಗೂ ತಿಳಿಯಲಿಲ್ಲ.

ನಮ್ಮ ಮದುವೆ ತೊಳೆಮನೆಯ ಅಂಗಳದಲ್ಲೇ ಆಯಿತು. ಗಂಡಿನ ಮುಖದ ಮೇಲೆ ಬಾಸಿಂಗ ಕಟ್ಟಲು ಜಾಗವಿರಲಿಲ್ಲ, ಬ್ಯಾಂಡೇಜಿನ ಮೇಲೆಯೇ ಕಟ್ಟಿದರು. ಊಟಕ್ಕೆ ಹೀರೆಕಾಯಿ ಬಜ್ಜಿ ಬೇಕೇಬೇಕೆಂದು ಅವರು ಹಟ ಹಿಡಿದರು. ಇನ್ನು ಹದಿನೈದು ದಿನ ಕಳೆದರೆ ಜನ್ಮದಲ್ಲಿ ತಿನ್ನುವ ಹಾಗಿಲ್ಲವಲ್ಲ. ಹೀರೆಯವರೆಲ್ಲ ಮುಖ ಅತ್ತ ತಿರುಗಿಸಿ ಕೂತರು, ಅವರೊಬ್ಬರೇ ಹದಿನಾಲ್ಕು ಬಜ್ಜಿ ತಿಂದರು. ಮದುವೆಯಾದ ಮೇಲೆ ಮನೆಯಲ್ಲಿ ಮೊದಲು ಮಾಡಿದ ಕೆಲಸ ಎಂದರೆ ನಾನು ಕನ್ನಡಿಯ ಟವೆಲ್ಲು ತೆಗೆದದ್ದು. ಅವರು ಬೇಡ ಎನ್ನಲಿಲ್ಲ. ಬ್ಯಾಂಡೇಜಿನ ಮುಖವನ್ನು ಒಂದು ನಿಮಿಷ ನೋಡಿಕೊಂಡು, ಕೋತಿಗೆ ಒಂದು ಹಣ್ಣು ಕೊಟ್ಟಿದ್ದರೆ ಆಗುತ್ತಿತ್ತು ಎಂದರು.

ಮೂಗು ಕೂರಿಸಿ, ಹೊಲಿಗೆ ಒಣಗಿ, ಬ್ಯಾಂಡೇಜು ಬಿಚ್ಚುವ ದಿನ ಆಸ್ಪತ್ರೆಯ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಕರಿಸಿದ್ದಯ್ಯ ಶಾಲು ಹೊದ್ದು ಹಾರ ಹಿಡಿದು ಬಂದಿದ್ದರು. ಹೊಸಬರನ್ನು ಬಳಗಕ್ಕೆ ಬರಮಾಡಿಕೊಳ್ಳುವುದು ಯಜಮಾನನ ಕರ್ತವ್ಯ. ಸೆಲೀನಮ್ಮ ಸುತ್ತು ಸುತ್ತಾಗಿ ಪಟ್ಟಿ ಬಿಚ್ಚಿದರು. ಮೂಗು ಹಳೆಯದಕ್ಕಿಂತ ಕೊಂಚ ಉದ್ದವಿತ್ತು, ಎಳೆಗೂಸಿನ ಅಂಗಾಲಿನ ಹಾಗೆ ಕೆಂಪಗಿತ್ತು, ಸ್ವಲ್ಪ ಎಡಕ್ಕೆ ನೋಡುತ್ತಿತ್ತು. ಕರಿಸಿದ್ದಯ್ಯ ಮಂಡಿ ಸವರಿಕೊಂಡು, ಇಂದು ಶುಭದಿನ ಎಂದು ಶುರುಮಾಡಿದರು. ನಮ್ಮವರು ಸೀನಿದರು. ಶುಭಕಾರ್ಯದ ನಡುವೆ ಸೀನಿದರೆ ಮೊದಲಿನಿಂದ ಶುರುಮಾಡಬೇಕು. ಕರಿಸಿದ್ದಯ್ಯ ತಡೆದು, ನೀರು ಕುಡಿದು, ಇಂದು ಶುಭದಿನ ಎಂದರು. ನಮ್ಮವರು ಮತ್ತೆ ಸೀನಿದರು. ಮೂರನೆಯ ಸಲಕ್ಕೆ ಮೂಗು ಸೋರತೊಡಗಿತು. ಅವರ ಕಣ್ಣು ಅಭ್ಯಾಸಬಲದಿಂದ ನಾಚಿ ಕೆಳಗಾದವು.

ನಾನು ಜನರನ್ನು ಸರಿಸಿಕೊಂಡು ಹೋಗಿ ಸೆರಗಿನಿಂದ ಅವರ ಮೂಗು ಒರೆಸಿದೆ. ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಕಿವಿ, ಎಷ್ಟು ಮಂಡಿ, ಎಷ್ಟು ಎದೆಯ ತೇಪೆ ತೊಳೆದುಕೊಟ್ಟೆನೋ ನೆನಪಿಲ್ಲ. ಎಲ್ಲವೂ ನನ್ನ ಕೈ ಬಿಡುವಾಗ ತಣ್ಣಗೆ, ಬೆಳ್ಳಗೆ ಇರುತ್ತಿದ್ದವು. ಅವು ಆಮೇಲೆ ಏನಾದವು ಎಂದು ಮುಟ್ಟಿ ನೋಡುವ ಸಲಿಗೆ ನನಗೆ ಯಾರ ಮೇಲೂ ಇರಲಿಲ್ಲ. ಇದು ಬೆಚ್ಚಗಿತ್ತು. ಒಳಗೆ ಉಸಿರು ಓಡಾಡುತ್ತಿತ್ತು. ಕೈ ತೆಗೆಯಲು ಮನಸ್ಸಾಗದೆ, ಕರಿಸಿದ್ದಯ್ಯನ ಭಾಷಣ ಮುಗಿಯುವವರೆಗೂ ಒರೆಸುತ್ತಲೇ ನಿಂತೆ.